ನಕ್ಷೆಗೆ ಕಾಣದ ಸಂದು

ನಮ್ಮ ಮೇಷ್ಟ್ರ ಮೂಗಿನ ತುದಿ ಪ್ರತಿ ಬೇಸಿಗೆಯಲ್ಲೂ ಸುಲಿದ ಆಲೂಗಡ್ಡೆಯಂತಿರುತ್ತಿತ್ತು. ಅದು ಕೋಲಾರದ ಬಿಸಿಲಿಗಲ್ಲ, ಹಿಮಾಲಯದ ಹಿಮದ ಮೇಲಿನ ಬಿಸಿಲಿಗೆ. ಹುಟ್ಟಿದ್ದು ತಾಯಲೂರಿನ ಹತ್ತಿರ, ಪಾಠ ಹೇಳುತ್ತಿದ್ದುದು ಕೋಲಾರದ ಕಾಲೇಜಿನಲ್ಲಿ, ಜೀವವೆಲ್ಲ ಥುನೇರ್ ಎಂಬ ಮರದ ಮೇಲೆ. ಅದು ಅಲ್ಲಿಯ ತಣ್ಣನೆ ಕಾಡಿನ ಸೂಜಿ ಎಲೆಯ ಮರ. ಔಷಧಿಗೆಂದು ತೊಗಟೆ ಸುಲಿದು ಸುಲಿದು ಜನ ಅದನ್ನು ಅಪರೂಪ ಮಾಡಿಬಿಟ್ಟಿದ್ದಾರೆ.

ಮರ ಸಿಕ್ಕ ಜಾಗಗಳ ಮಳೆ, ಚಳಿ, ಇಳಿಜಾರುಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿದರೆ, ಆ ಮರ ಇನ್ನೆಲ್ಲಿ ಬದುಕೀತು ಎಂದು ಅದು ನಕ್ಷೆಯಲ್ಲಿ ಹಸಿರು ಬಳಿದು ತೋರಿಸುತ್ತದೆ. ಆ ಹಸಿರು ನೋಡಿಕೊಂಡು ಅಲ್ಲಿಯ ಅರಣ್ಯದವರು ನರ್ಸರಿಯ ಸಸಿಗಳನ್ನು ನೆಡಬೇಕಿತ್ತು. ಉಣಿಸುವ ಕೆಲಸ ಮೇಷ್ಟ್ರ ಶಿಷ್ಯನಾದ ನನ್ನದು. ಒಮ್ಮೆ ಅಂಕಿಗಳ ಸಾಲು ತಪ್ಪಿಸಿ ಥುನೇರನ್ನು ಸಮುದ್ರದ ನಡುವೆ ನೆಟ್ಟೆ. ಇನ್ನೊಮ್ಮೆ, ಪರೀಕ್ಷೆಗೆಂದು ಹಾಕಿದ್ದ ನಮ್ಮೂರಿನ ಚುಕ್ಕೆ ಅಳಿಸಲು ಮರೆತೆ. ನಮ್ಮ ವೇಮಗಲ್ಲಿನ ಫ್ಯಾಕ್ಟರಿಗಳೆಲ್ಲ ನಕ್ಷೆಯಲ್ಲಿ ಹಸಿರಾದವು.

"ಒಳ್ಳೇದಾಯ್ತು ಬಿಡ್ಲಾ," ಎಂದರು ಮೇಷ್ಟ್ರು. "ಶಿಫ್ಟ್ ಮುಗಿಸ್ಕೊಂಡ್ ಬರೋರ ಮೇಲೆ ಹಿಮ ಬೀಳ್ತದೆ."

ಅವರ ಬೈಗುಳವೆಂದರೆ ಅಷ್ಟೇ.

ಮುಂದಿನ ದಶಕಗಳಲ್ಲಿ ಏರಲಿರುವ ಬಿಸಿಯನ್ನು ಸೇರಿಸಿ ನಕ್ಷೆ ತೆಗೆದ ದಿನ ಪರದೆಯ ಮೇಲೆ ಹಸಿರೇ ಇರಲಿಲ್ಲ.

"ಸಾರ್, ಏನೋ ಕೆಡಿಸ್ದೆ ಅನ್ಸುತ್ತೆ."

ಮೇಷ್ಟ್ರು ಸಾಲು ಸಾಲಾಗಿ ನೋಡಿದರು. ಮತ್ತೆ ಓಡಿಸಿದರು. ಮತ್ತೆ ಬೋಳು.

"ಈ ಸಲ ನಿಂದೇನೂ ತಪ್ಪಿಲ್ಲ ಕಣೋ."

ಹುಟ್ಟಿದಾಗಿನಿಂದ ಯಾರೂ ನನಗೆ ಹೇಳಿರದ ಮಾತು. ಖುಷಿಯಾಗಬೇಕಿತ್ತು, ಆಗಲಿಲ್ಲ. ತಪ್ಪು ನನ್ನದಾಗಿದ್ದರೆ ತಿದ್ದಬಹುದಿತ್ತು.

"ಹಂಗಾದ್ರೆ ಸಸಿಗಳು ಸಾರ್?"

ಮೇಷ್ಟ್ರು ಸ್ಕೂಟರ್ ತೆಗೆದು ನನ್ನನ್ನು ಹಿಂದೆ ಕೂರಿಸಿಕೊಂಡರು. ಕುರುಡುಮಲೆಯ ಬೆಟ್ಟ ಹತ್ತಿಸಿದರು. ಬಂಡೆಯ ಮೇಲೆ ದೋಸೆ ಹುಯ್ಯಬಹುದಾದಂಥ ಬಿಸಿಲು. ಎರಡು ಬಂಡೆಗಳ ಸಂದಿಗೆ ನನ್ನ ಕೈ ತುರುಕಿದರು. ಹಾವೆಂದು ಕಿರುಚಿದೆ. ಬೇರು. ಆಮೇಲೆ ತಿಳಿಯಿತು, ಒಳಗೆ ತಂಪು, ಒದ್ದೆ ಮಣ್ಣು, ಹಾವಸೆ.

"ಒರೇ, ನಮ್ಮ ನಕ್ಷೇಲಿ ಒಂದ್ ಚೌಕ ಅಂದ್ರೆ ಈ ಇಡೀ ಬೆಟ್ಟ. ಬಂಡೆ ಕಾದಿರೋದು ಅದಕ್ಕೆ ಗೊತ್ತಾಗ್ತದೆ, ಸಂದು ಕಾಣಲ್ಲ. ಹಿಮಾಲಯದಲ್ಲೂ ಇಂಥವು ಇರ್ತಾವೆ. ಚೌಕ ಸಣ್ಣದ್ ಮಾಡು."

ಮಾಡತೊಡಗಿದೆ. ಕೆಲಸ ಅರ್ಧವಾಗಿದ್ದಾಗ ಒಂದು ಬೆಳಿಗ್ಗೆ ಮೇಷ್ಟ್ರ ಹೆಂಡತಿಯ ಫೋನ್ ಬಂತು. "ಮಲಗಿದ್ದಂಗೇ ಹೋಗ್ಬಿಟ್ರು ಕಣಪ್ಪ." ನಾನು "ಸರಿ ಮೇಡಂ, ಆಮೇಲ್ ಫೋನ್ ಮಾಡ್ತೀನಿ" ಎಂದು ಫೋನ್ ಇಟ್ಟೆ. ಕೇಳಿಸಿಕೊಂಡದ್ದು ಏನೆಂದು ತಲೆಗೆ ಹೋಗುವಷ್ಟರಲ್ಲಿ ಅರ್ಧ ಹಲ್ಲುಜ್ಜಿದ್ದೆ. ಪೇಸ್ಟ್ ಉಗುಳದೆ ಬಚ್ಚಲಲ್ಲೇ ಕೂತುಬಿಟ್ಟೆ.

ಸಣ್ಣ ಚೌಕಗಳ ನಕ್ಷೆಯಲ್ಲಿ ಉತ್ತರಕ್ಕೆ ಮುಖ ಮಾಡಿದ ಕೊರಕಲುಗಳುದ್ದಕ್ಕೂ ದಾರದೆಳೆಯಂಥ ಹಸಿರು ಮೂಡಿತು. ಅರಣ್ಯದವರು ಅಲ್ಲೇ ನೆಟ್ಟರು. ಒಂದು ಬೇಸಿಗೆ ಕಳೆದ ಮೇಲೆ ಫೋಟೋ ಬಂತು. ಬಂಡೆಗಳ ನಡುವೆ ಗೇಣುದ್ದದ ಸಸಿ, ತುದಿಯಲ್ಲಿ ಎಳೆಯ ಸೂಜಿಗಳು.

ಮೊಬೈಲ್ ಹಿಡಿದು ಮೇಷ್ಟ್ರ ಮನೆಗೆ ಓಡಿದೆ. ಅವರ ಹೆಂಡತಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಪ್ರತಿ ರಜಾದಲ್ಲೂ ನಮ್ಮನ್ನ ಬಿಟ್ ಓಡ್ತಿದ್ದಿದ್ದು ಇದ್ಕಾ? ನೋಡೋಕೇನೂ ಇಲ್ವಲ್ಲಪ್ಪ." ಬೆರಳಿನಿಂದ ಪರದೆ ಒರೆಸಿದರು. "ಬದುಕ್ತದಾ?"

ಜೋಕು ಹೊಡೆಯಲು ಬಾಯಿ ತೆರೆದಿದ್ದೆ.

"ಬದುಕ್ತದೆ ಮೇಡಂ," ಎಂದೆ. "ಜಾಗ ಸಾರ್ ಹುಡುಕಿದ್ದು."