ಮಲ್ಲಪ್ಪನ ನಿಯಮಗಳನ್ನು ನಾನು ಸೋಲಿಸಿದ್ದು

ಮಲ್ಲಪ್ಪನ ನಿಯಮಗಳಲ್ಲಿ ತಪ್ಪಿರಲಿಲ್ಲ. ತಪ್ಪನ್ನು ಅವುಗಳೊಳಗೆ ಇಟ್ಟವನು ನಾನು. ಅವನು 'ನಾಲ್ಕು ಜನ' ಎಂದು ಬರೆದಿದ್ದ ಕಡೆ 'ಒಬ್ಬ' ಎಂದು ಟೈಪ್ ಮಾಡಿದೆ — ಕೈ ಜಾರಿ ಅಲ್ಲ, ಬೇಕೆಂತಲೇ. ಆಮೇಲೆ ಅದೇ ಹಾಳೆ ಹಿಡಿದುಕೊಂಡು, ಎಲ್ಲರ ಎದುರಿಗೆ, ಇದು ನಡೆಯುವುದಿಲ್ಲ ಎಂದು ತೀರ್ಪು ಕೊಟ್ಟೆ. ಎಂಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಹೇಳದೆ ಇದ್ದದ್ದಕ್ಕೆ ಹುಡುಕಿದರೆ ಹತ್ತು ಕಾರಣ ಸಿಕ್ಕಾವು. ಮಾಡಿದ್ದಕ್ಕೆ ಮಾತ್ರ ಒಂದೇ ಕಾರಣ. ಹೊಟ್ಟೆಕಿಚ್ಚು.

ನಾನು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದೆ. ಲಾಠಿ ಹಿಡಿಯುವ ಇನ್ಸ್‌ಪೆಕ್ಟರ್ ಅಲ್ಲ, ಮೈಕ್ರೊಮೀಟರ್ ಹಿಡಿದು ಕೂರುವ ಕ್ವಾಲಿಟಿ ಇನ್ಸ್‌ಪೆಕ್ಟರ್. ನಮ್ಮಲ್ಲಿ ಒಂದು ಪದ್ಧತಿ ಇದೆ. ಯಂತ್ರದಿಂದ ಹೊರಬಂದ ಮೊದಲ ತುಣುಕನ್ನು — ಫಸ್ಟ್ ಪೀಸ್ ಅನ್ನುತ್ತೇವೆ — ಇನ್ಸ್‌ಪೆಕ್ಟರ್ ಅಳೆದು ನೋಡಬೇಕು. ಅವನು ಪಾಸ್ ಅಂದರೆ ಸಾವಿರ ತುಣುಕು ತಯಾರಾಗುತ್ತವೆ, ತಲೆ ಅಲ್ಲಾಡಿಸಿದರೆ ಯಂತ್ರ ನಿಲ್ಲುತ್ತದೆ. ಅಳೆಯುವಾಗ ಅದನ್ನು ಮಾಡಿದವನು ಟೇಬಲ್ ಹತ್ತಿರ ನಿಲ್ಲುವಂತಿಲ್ಲ. ನಿಂತರೆ ದಾಕ್ಷಿಣ್ಯಕ್ಕೆ ಬೀಳಬೇಕಾಗುತ್ತದೆ ಎಂದು. ಒಳ್ಳೆಯ ಪದ್ಧತಿಯೇ. ಅಳೆಯುವವನ ಮನಸ್ಸೇ ಹುಳುಕಾಗಿದ್ದರೆ ಏನು ಮಾಡಬೇಕೆಂದು ಮಾತ್ರ ಯಾರೂ ಯೋಚಿಸಿದ ಹಾಗಿಲ್ಲ.

ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಸೈಬರ್ ಸೆಂಟರಿನಲ್ಲಿ ಏನನ್ನೋ ಹುಡುಕುತ್ತ ಒಂದು ಚಿತ್ರ ಕಂಡೆ: ದೊಡ್ಡ ಮೇಜಿನ ಮೇಲೆ ಗುಡ್ಡ, ಹೊಳೆ, ಹೆಬ್ಬೆರಳಿಗಿಂತ ಚಿಕ್ಕ ನೂರಾರು ಸೈನಿಕರು, ಸುತ್ತ ನಿಂತಿದ್ದವರು ತಲೆ ನರೆತ ಗಂಡಸರು. ಹಳೆಯ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಮತ್ತೆ ಆಡುವ ಆಟವಂತೆ. ಸೈನ್ಯ ಎಷ್ಟು ದೂರ ನಡೆಯಿತು ಎನ್ನುವುದಕ್ಕೆ ಅಳತೆಪಟ್ಟಿ, ಗುಂಡು ತಗುಲಿತೋ ಇಲ್ಲವೋ ಎನ್ನುವುದಕ್ಕೆ ದಾಳ. ಅಳತೆಪಟ್ಟಿ ಹಿಡಿದೇ ಜೀವನ ಕಳೆದವನಿಗೆ ಹುಚ್ಚು ಹತ್ತಲು ಅಷ್ಟು ಸಾಕಾಯಿತು. ಚಿಕ್ಕಬಾಣಾವರದ ನಮ್ಮ ಬೀದಿಯಲ್ಲೇ ಗಂಗಾಧರಯ್ಯ ಮೇಷ್ಟ್ರು ಇದ್ದರು — ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ಮೂರು ತಲೆಮಾರಿನಿಂದ ಅದೇ ಊರಿನವರು. ಅವರ ಮನೆಯ ಮಹಡಿ ಕೇಳಿದೆ, ಕೊಟ್ಟರು. ಕಾರ್ಖಾನೆಯ ಮೂವರನ್ನು ಸೇರಿಸಿದೆ. ಭಾನುವಾರ ಊಟ ಮುಗಿಸಿ ಸೇರುವುದೆಂದು ಗೊತ್ತುಮಾಡಿಕೊಂಡೆವು. ಆ ಗುಂಪು ಕಟ್ಟಿದವನು ನಾನು — ಇದನ್ನು ಇಲ್ಲಿಯೂ ಹೇಳದೆ ಇರಲಾಗಲಿಲ್ಲ ನೋಡಿ.

ಆಮೇಲೆ ಮಲ್ಲಪ್ಪನನ್ನು ಕರೆತಂದವನೂ ನಾನೇ. ಬಾಗಲಕೋಟೆ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು, ನಮ್ಮ ಟೂಲ್‌ರೂಮಿನಲ್ಲಿ ಅಚ್ಚು ಕೊರೆಯುವ ಕೆಲಸ, ರೈಲ್ವೆ ಸ್ಟೇಷನ್ ಹಿಂದೆ ಬಾಡಿಗೆ ರೂಮು. 'ಭಾನುವಾರ ಸುಮ್ನೆ ಮಲ್ಕೊಂಡು ಏನ್ ಮಾಡ್ತೀಯ, ಬಾರೋ' ಎಂದು ಕರೆದೆ. ಮೊದಲ ವಾರ ಮೂಲೆಯಲ್ಲಿ ನಿಂತು ನೋಡಿದ. ಎರಡನೆಯ ವಾರ ಪ್ರಶ್ನೆ ಕೇಳಿದ. ಮೂರನೆಯ ವಾರ ಅವನು ಕೇಳಿದ್ದನ್ನು ನಾನು ಸೈಬರ್ ಸೆಂಟರಿಗೆ ಹೋಗಿ ಹುಡುಕಬೇಕಾಯಿತು.

ನಾನು ತರಿಸಿದ್ದ ಪ್ಲಾಸ್ಟಿಕ್ ಸೈನಿಕರು ಯಾವುದೋ ಹಿಮದ ದೇಶದವರು, ಮೊಣಕಾಲಿನವರೆಗೆ ಕೋಟು. ನಮಗೆ ಆಡಬೇಕಾಗಿದ್ದದ್ದು ಮೈಸೂರಿನವರಿಗೂ ಇಂಗ್ಲಿಷರಿಗೂ ನಡೆದ ಯುದ್ಧ. ಮಲ್ಲಪ್ಪ ಅವುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಹದಿನೈದು ದಿನ ಬಿಟ್ಟು ಕರ್ಚೀಫಿನಲ್ಲಿ ಸುತ್ತಿ ಒಂದು ಬೊಂಬೆ ತಂದ. ಅಲ್ಯುಮಿನಿಯಮ್ ತುಂಡಿನಲ್ಲಿ ತಾನೇ ಅಚ್ಚು ಕೊರೆದು, ಸೀಸ ಕರಗಿಸಿ ಹೊಯ್ದದ್ದು. ಪೇಟ, ನಡುಕಟ್ಟು, ಹೆಗಲ ಮೇಲೆ ರಾಕೆಟ್ಟಿನ ಬಿದಿರು. ಅಷ್ಟು ಚಿಕ್ಕ ಮುಖದಲ್ಲಿ ಮೂಗು ಕೂಡ ಇತ್ತು! ಮೇಷ್ಟ್ರು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೆ ಏರಿಸಿ ನೋಡಿ, 'ಏನ್ ಕೈಯಯ್ಯಾ ನಿಂದು!' ಅಂದರು. ನಾನು ತಿಂಗಳುಗಳಿಂದ ಅವರ ಮನೆ ಮೆಟ್ಟಿಲು ಹತ್ತುತ್ತಿದ್ದೆ. ನನಗೆ ಒಂದು ದಿನವೂ ಹಾಗೆ ಅಂದವರಲ್ಲ. ಆದರೂ ಮೇಲೆ ನಕ್ಕು, 'ಸಕ್ಕತ್ತಾಗಿದೆ ಕಣೋ' ಎಂದು ಬೆನ್ನು ತಟ್ಟಿದೆ.

ಅವನು ವಾರಕ್ಕಷ್ಟು ಹೊಯ್ದು ತಂದು ಸೈನಿಕರೇನೋ ಆದರು, ನಿಯಮ ಯಾವುದು? ಈ ಆಟಕ್ಕೆ ಹೊಸಬರು ಎಡವುವುದು ಇಲ್ಲಿಯೇ. ಚದುರಂಗದ ಹಾಗೆ ಇದಕ್ಕೆ ಒಂದೇ ನಿಯಮವಿಲ್ಲ. ಒಬ್ಬೊಬ್ಬರು ಒಂದೊಂದು ನಿಯಮಪುಸ್ತಕ ಬರೆದಿದ್ದಾರೆ. ತುಕಡಿಗೆ ಎಷ್ಟು ಜನ ಬೇಕು, ಮೇಜು ಎಷ್ಟು ದೊಡ್ಡದು, ಆಟ ಎಷ್ಟು ಹೊತ್ತು — ಎಲ್ಲವೂ ನಾವು ಯಾವುದನ್ನು ಆರಿಸುತ್ತೇವೆ ಎನ್ನುವುದರ ಮೇಲೆ. 'ಮೊದ್ಲು ನಿಯಮ ಗೊತ್ತು ಮಾಡ್ಕೊಳ್ರಪ್ಪಾ, ಆಮೇಲೆ ಸೈನ್ಯ ಕಟ್ಟಿ' ಎಂದು ಮೇಷ್ಟ್ರು ವಾರವಾರವೂ ಹೇಳುತ್ತಿದ್ದರು.

ನನ್ನ ಬಳಿ ಒಂದು ಪುಸ್ತಕವಿತ್ತು. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ಭಾವಮೈದ ಲಂಡನ್ನಿಗೆ ಹೋದಾಗ ತಂದುಕೊಟ್ಟದ್ದು. ಇಂಗ್ಲಿಷು, ಬಣ್ಣದ ಚಿತ್ರಗಳು, ಇಟ್ಟಿಗೆ ದಪ್ಪ. ಒಂದೊಂದು ಕಡೆಗೂ ನೂರು ಸೈನಿಕರು ಬೇಕು, ಆಟ ಮುಗಿಯಲು ಇಡೀ ದಿನ ಬೇಕು. ಗುಂಪಿನಲ್ಲಿ ಅದನ್ನು ಸಲೀಸಾಗಿ ಓದುವವನು ನಾನೊಬ್ಬನೇ. ಮೇಷ್ಟ್ರಿಗೆ ಆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಅದನ್ನು ಆರಿಸಿದರೆ ಪ್ರತಿಯೊಂದು ಸಂದೇಹಕ್ಕೂ ಎಲ್ಲರೂ ನನ್ನ ಮುಖ ನೋಡಬೇಕು. ನನಗೆ ಬೇಕಾಗಿದ್ದದ್ದು ಅದೇ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದೇ.

ಮಲ್ಲಪ್ಪ ತಾನೇ ನಿಯಮ ಬರೆದ. ಕನ್ನಡದಲ್ಲಿ, ನೋಟ್‌ಬುಕ್ಕಿನ ಹದಿನಾಲ್ಕು ಪುಟ. ತುಕಡಿಗೆ ಹನ್ನೆರಡು ಜನ ಸಾಕು. ಅಳತೆಗೆ ನಮ್ಮೆಲ್ಲರ ಜೇಬಿನಲ್ಲಿದ್ದ ಆರಿಂಚಿನ ಸ್ಟೀಲ್ ಸ್ಕೇಲು ಸಾಕು. ಕೆರೆಯ ಏರಿ ಹತ್ತುವಾಗ ಅರ್ಧ ನಡಿಗೆ, ರಾಗಿ ಹೊಲದಲ್ಲಿ ಅಡಗಿದವನಿಗೆ ಗುಂಡು ತಗುಲುವುದು ಕಷ್ಟ, ರಾಕೆಟ್ಟು ಬಿಟ್ಟಾಗ ದಾಳದಲ್ಲಿ ಒಂದು ಬಿದ್ದರೆ ಅದು ತಿರುಗಿ ನಮ್ಮವರ ಮೇಲೇ! ಭಾನುವಾರವೇ ನೈಟ್ ಶಿಫ್ಟಿಗೆ ಹೋಗಬೇಕಾದವರ ಬಸ್ಸು ತಪ್ಪದ ಹಾಗೆ ಎಂಟೇ ಸುತ್ತಿನಲ್ಲಿ ಆಟ ಮುಗಿಯುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದ ನಿಯಮಕ್ಕೆ 'ಎದೆಗಾರಿಕೆ' ಎಂದು ಹೆಸರಿಟ್ಟಿದ್ದ. ತುಕಡಿಯಲ್ಲಿ ನಾಲ್ಕು ಜನ ಬಿದ್ದ ಮೇಲೆ ಸುತ್ತಿಗೊಮ್ಮೆ ದಾಳ ಹಾಕಬೇಕು. ಮೂರು ಅಥವಾ ಕಡಿಮೆ ಬಿದ್ದರೆ ಉಳಿದವರು ಓಡಿಹೋಗುತ್ತಾರೆ.

'ಒಬ್ಬ ಸತ್ರ ಮಂದಿ ಓಡಂಗಿಲ್ರಿ ಅಣ್ಣಾರ, ಸಿಟ್ಟಿಗೇಳ್ತಾರ. ನಾಕ ಮಂದಿ ಬಿದ್ದ ಮ್ಯಾಲ ಮನಿ ನೆನಪಾಗ್ತೈತಿ' ಎಂದು ನನಗೊಬ್ಬನಿಗೇ ವಿವರಿಸಿದ್ದ. ಎಷ್ಟು ಸರಿಯಾಗಿ ಯೋಚಿಸಿದ್ದ! ಕೇಳಿದಾಗ ಮೊದಲು ಬಂದದ್ದು ಮೆಚ್ಚುಗೆಯೇ, ಸುಳ್ಳು ಹೇಳುವುದಿಲ್ಲ. ಅದರ ಬೆನ್ನಿಗೇ ಉರಿ. ಇದು ನನಗೇಕೆ ಹೊಳೆಯಲಿಲ್ಲ? ಇತಿಹಾಸದ ಪುಸ್ತಕ ಓದಿದವನು ನಾನು, ಇಂಗ್ಲಿಷು ಬಲ್ಲವನು ನಾನು, ಇವನು ಐಟಿಐ ಮುಗಿಸಿ ಬಂದು ಅಚ್ಚು ಕೊರೆಯುವವನು —

ಅದೇ ತಿಂಗಳು ಮೇಷ್ಟ್ರ ಹಳೆಯ ಶಿಷ್ಯರೊಬ್ಬರು ಮನೆಗೆ ಬಂದರು. ಮೇಷ್ಟ್ರು ಮಹಡಿಗೆ ಕರೆತಂದು ಪರಿಚಯ ಮಾಡಿಸಿದರು. 'ಇವ್ನು ಮಲ್ಲಪ್ಪ. ಇದೆಲ್ಲಾ ಇವನದೇ ಕರಾಮತ್ತು.' ಆಮೇಲೆ ನನ್ನ ಕಡೆ ಕೈ ತೋರಿಸಿ, 'ಇವರು ಮಲ್ಲಪ್ಪನ ಸ್ನೇಹಿತರು' ಅಂದರು. ಮಲ್ಲಪ್ಪನ ಸ್ನೇಹಿತರು! ನಂಜುಂಡ ಎಂದು ನನಗೊಂದು ಹೆಸರಿಲ್ಲವೇ! ಮಲ್ಲಪ್ಪ ಕೂಡಲೇ, 'ಅಲ್ರಿ ಸರ, ನಮ್ಮನ್ನೆಲ್ಲಾ ಕೂಡಿಸಿದವ್ರ ಇವರು' ಅಂದ. ಅದಕ್ಕೆ ಇನ್ನೂ ಉರಿಯಿತು. ಇವನ ಶಿಫಾರಸು ಬೇಕಾಯಿತೇ ನನಗೆ?

ಎರಡು ನಿಯಮಗಳನ್ನೂ ಒಂದೊಂದು ವಾರ ಆಡಿ ನೋಡಿ ಆರಿಸೋಣ ಎಂದು ಮೇಷ್ಟ್ರು ಹೇಳಿದರು. 'ಫಸ್ಟ್ ಪೀಸ್ ಇದ್ದಂಗೆ. ಇನ್ಸ್‌ಪೆಕ್ಟರ್ ನಮ್ಮಲ್ಲೇ ಇದಾನಲ್ಲ ಗುರು' ಎಂದ ನಮ್ಮ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಸೆಲ್ವ. ಎಲ್ಲರೂ ಒಪ್ಪಿದರು. ಮೊದಲ ವಾರ ನನ್ನ ಪುಸ್ತಕ. ಅರ್ಧ ಆಟಕ್ಕೇ ಸಂಜೆಯಾಯಿತು, ಆದರೂ ಚಿತ್ರಗಳನ್ನು ನೋಡಿ ಖುಷಿಪಟ್ಟರು. ಅವತ್ತು ಹೊರಡುವಾಗ ಮಲ್ಲಪ್ಪ ತನ್ನ ನೋಟ್‌ಬುಕ್ ನನ್ನ ಕೈಗಿಟ್ಟ. 'ನೀವ ಟೈಪ್ ಮಾಡಿ ಎಲ್ಲಾರಿಗೂ ಕೊಡ್ರಿ ಅಣ್ಣಾರ. ನನ್ನ ಅಕ್ಷರ ಕಾಗಿ ಕಾಲು ಗುಬ್ಬಿ ಕಾಲು ಅದಾವ.'

ಆ ವಾರ ದಿನವೂ ಊಟದ ಹೊತ್ತಿನಲ್ಲಿ, ಕಾರ್ಖಾನೆಯ ಆಫೀಸು ಖಾಲಿಯಾದಾಗ ಟೈಪ್ ಮಾಡಿದೆ. ಹದಿಮೂರು ಪುಟ ಅಕ್ಷರ ಬಿಡದೆ ಮಾಡಿದೆ. ಅವನ ಎರಡು ಕಾಗುಣಿತ ತಪ್ಪನ್ನೂ ತಿದ್ದಿದೆ. ಎದೆಗಾರಿಕೆಯ ಪುಟಕ್ಕೆ ಬಂದಾಗ ಕೈ ನಿಂತಿತು. 'ನಾಲ್ಕು ಜನ ಬಿದ್ದ ಮೇಲೆ' ಎಂದು ಹೊಡೆದೆ. ಅಳಿಸಿದೆ. 'ಒಬ್ಬ ಬಿದ್ದ ಕೂಡಲೇ' ಎಂದು ಹೊಡೆದೆ. ಒಂದು ನಿಮಿಷ ಅದನ್ನೇ ನೋಡುತ್ತ ಕೂತಿದ್ದೆ. ಬದಲಿಸಬಹುದಿತ್ತು. ಬದಲಿಸಲಿಲ್ಲ, ಪ್ರಿಂಟ್ ಕೊಟ್ಟೆ.

ಭಾನುವಾರ ಮಲ್ಲಪ್ಪ ಎಲ್ಲರಿಗಿಂತ ಮೊದಲು ಬಂದು ಸೈನ್ಯ ಜೋಡಿಸಿದ್ದ. ಹೊಸ ಅಂಗಿ ಹಾಕಿದ್ದ. 'ಮಾಡಿದವನು ಟೇಬಲ್ ಹತ್ರ ನಿಲ್ಲಂಗಿಲ್ಲ ಕಣೋ, ಗೊತ್ತಲ್ಲ' ಅಂದೆ. 'ಹೌದ್ರಿ, ಹೌದ್ರಿ' ಎಂದು ನಗುತ್ತ ತಾನೇ ಕೆಳಗೆ ಹೋದ. ಮೇಷ್ಟ್ರ ಹೆಂಡತಿ ಅಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರ ಜೊತೆ ಕೂತ.

ಅವನು ಇಳಿದ ಮೇಲೆಯೇ ನಾನು ಹಾಳೆ ಹಂಚಿದ್ದು. ಮೇಲೆ ಆಟ ಶುರುವಾಯಿತು. ಮೊದಲ ಗುಂಡಿಗೆ ಒಬ್ಬ ಬಿದ್ದ, ದಾಳ ಹಾಕಿದರು, ಎರಡು. ಹನ್ನೊಂದು ಜನ ಓಟ. ಆ ಕಡೆಯೂ ಒಬ್ಬ ಬಿದ್ದ, ಅಲ್ಲೂ ಓಟ. ಅರ್ಧ ಗಂಟೆಯಲ್ಲಿ ಎರಡೂ ಸೈನ್ಯ ಮೇಜು ಬಿಟ್ಟು ಹೋಗಿದ್ದವು. 'ಏನ್ ಮಚ್ಚಾ ಇದು! ಯುದ್ಧಾನಾ, ಇಲ್ಲಾ ಮೆಜೆಸ್ಟಿಕ್ ಬಸ್ ಹಿಡಿಯೋಕೆ ಓಡ್ತಿದಾರಾ!' ಎಂದು ಸೆಲ್ವ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗು ಕೆಳಗೆ ಕೇಳಿಸಿತು ಎಂದು ನನಗೆ ಗೊತ್ತಿತ್ತು. ಕೇಳಿಸಲಿ ಎಂದೇ ಮನಸ್ಸಿನಲ್ಲಿತ್ತು.

ಮೇಷ್ಟ್ರು ಮಾತ್ರ ಹುಬ್ಬು ಗಂಟಿಕ್ಕಿದರು. 'ಮಲ್ಲಪ್ಪನ್ನ ಕರೀರಿ, ಹಿಂಗ್ಯಾಕೆ ಬರೆದ ಅಂತ ಕೇಳೋಣ.'

'ಬೇಡಿ ಸಾರ್, ಅವನಿಗೆ ಮುಜುಗರ ಆಗುತ್ತೆ. ನಾನೇ ನಿಧಾನಕ್ಕೆ ಹೇಳ್ತೀನಿ' ಅಂದೆ. ಕರುಣೆಯನ್ನೂ ಬಳಸಿಕೊಂಡೆ ನೋಡಿ. 'ಈ ನಿಯಮ ನಡೆಯೋಲ್ಲ' ಎಂದು ಎಲ್ಲರ ಎದುರಿಗೆ ಹೇಳಿ, ಹಾಳೆಗಳನ್ನು ಒಂದೂ ಬಿಡದೆ ವಾಪಸ್ ತೆಗೆದುಕೊಂಡು ಬ್ಯಾಗಿಗೆ ಹಾಕಿದೆ.

ಕೆಳಗಿಳಿದು ಹೇಳಿದ್ದು ಇಷ್ಟೇ: 'ಫಸ್ಟ್ ಪೀಸ್ ರಿಜೆಕ್ಟ್ ಆಯ್ತು ಮಲ್ಲಪ್ಪ. ಎದೆಗಾರಿಕೆ ಲೆಕ್ಕ ನಿಲ್ಲಲಿಲ್ಲ.'

ಅವನು ಅವರೆಕಾಯಿ ಕೆಳಗಿಟ್ಟ. 'ಹೌದ್ರಾ?' ಅಂದ. ಚೆಲ್ಲಿದ್ದ ಸಿಪ್ಪೆ ಗುಡ್ಡೆ ಮಾಡುತ್ತ, 'ನಂದ ಲೆಕ್ಕಾ ತಪ್ಪಿರಬೇಕ್ರಿ. ನೀವ ನೋಡೀರಿ ಅಂದ ಮ್ಯಾಲ ಮುಗೀತು' ಅಂದ. ಹಾಳೆ ತೋರಿಸಿ ಎಂದು ಕೇಳಲಿಲ್ಲ. ಕೇಳಿದ್ದರೆ ಆ ಕ್ಷಣವೇ ಸಿಕ್ಕಿಬೀಳುತ್ತಿದ್ದೆ. ಆದರೆ ಇನ್ಸ್‌ಪೆಕ್ಟರ್ ರಿಜೆಕ್ಟ್ ಅಂದದ್ದನ್ನು ಟೂಲ್‌ರೂಮಿನವರು ಪ್ರಶ್ನಿಸುವುದಿಲ್ಲ. ಯಂತ್ರಕ್ಕೆ ಹಿಂತಿರುಗಿ ತಮ್ಮ ತಪ್ಪು ಹುಡುಕುತ್ತಾರೆ. ಅದು ಅವನಿಗೆ ರಕ್ತಗತವಾಗಿತ್ತು. ನಾನು ನೆಚ್ಚಿಕೊಂಡದ್ದೂ ಅದನ್ನೇ.

ಆಮೇಲೆ ಎರಡು ಭಾನುವಾರ ಬಂದ. ನಾನು ಪುಟ ತಿರುಗಿಸಿ ಇಂಗ್ಲಿಷು ಓದುವಾಗ ಕೈಕಟ್ಟಿ ನಿಲ್ಲುತ್ತಿದ್ದ. ಮೂರನೆಯ ವಾರ ಬರಲಿಲ್ಲ. ವರ್ಷ ತುಂಬುವುದರೊಳಗೆ ಅತ್ತಿಬೆಲೆಯ ಒಂದು ಕಾರ್ಖಾನೆಗೆ ಹೋದ. ಇತ್ತ ನನ್ನ ಪುಸ್ತಕದ ಆಟದಲ್ಲಿ ಒಂದು ಗುಂಡು ಹಾರಿಸಲು ಮೂರು ಪುಟ ಹುಡುಕಬೇಕಾಗುತ್ತಿತ್ತು. ಒಬ್ಬೊಬ್ಬರಾಗಿ ನೆಪ ಹೇಳತೊಡಗಿದರು. ಕೊನೆಗೆ ಮೇಷ್ಟ್ರು ಮಹಡಿಗೆ ಬೀಗ ಹಾಕಿದರು. ಎಲ್ಲರೂ ನನ್ನ ಮುಖ ನೋಡಲಿ ಎಂದು ಆಸೆಪಟ್ಟವನಿಗೆ ನೋಡುವವರೇ ಉಳಿಯಲಿಲ್ಲ.

ಹೋದ ತಿಂಗಳು ಸಂಬಂಧಿಕರ ಗೃಹಪ್ರವೇಶಕ್ಕೆಂದು ಅತ್ತಿಬೆಲೆಗೆ ಹೋಗಿದ್ದೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಯಾರೋ 'ಅಣ್ಣಾರ!' ಎಂದು ಕೈ ಹಿಡಿದರು. ಮಲ್ಲಪ್ಪ. ಸ್ವಲ್ಪ ದಪ್ಪಗಾಗಿದ್ದಾನೆ, ಕನ್ನಡಕ ಬಂದಿದೆ, ಈಗ ಟೂಲ್‌ರೂಮಿಗೆ ಇನ್‌ಚಾರ್ಜ್, ಹೆಂಡತಿ ಮಗಳನ್ನು ಊರಿನಿಂದ ಕರೆಸಿಕೊಂಡಿದ್ದಾನೆ. ಕೂರಿಸಿ ಕಾಫಿ ಕೊಡಿಸಿದ. ಬಾಯಿ ತಡೆಯದೆ ಕೇಳಿದೆ: 'ಆ ಆಟ ಮತ್ತೆ ಆಡಿದ್ಯೇನೋ?'

'ಎಲ್ಲೀದ್ರಿ!' ಎಂದು ನಕ್ಕ. 'ಅವತ್ತ ಗೊತ್ತಾತಲ್ರಿ, ಕೊರೆಯೋದಷ್ಟ ನನ್ನ ಕೆಲಸ, ತಲಿ ಓಡಸೂದಲ್ಲ ಅಂತ. ಈಗ ನನ್ನ ಮಗಳಿಗೆ ಅದ ಹುಚ್ಚು. ಒಂಬತ್ತನೇ ಕ್ಲಾಸಿನ್ಯಾಗ ಅದಾಳ. ತಾನ ಆಟ ಹುಟ್ಟಸ್ತಾಳ, ನಿಯಮಾ ಬರೀತಾಳ.'

ಇದನ್ನೂ ಬರೆದುಬಿಡುತ್ತೇನೆ — ಅದನ್ನು ಕೇಳಿ ಮೊದಲು ನನ್ನಲ್ಲಿ ಎದ್ದದ್ದು ಪಶ್ಚಾತ್ತಾಪವಲ್ಲ. ಅದೇ ಹಳೆಯ ಉರಿ. ಮಗಳಿಗೂ ಬಂದಿದೆಯಲ್ಲ! ಎಂದು.

ಅವನು ಮಾತು ಮುಂದುವರಿಸಿದ. 'ನಾ ಅಕಿಗೆ ಹೇಳೀನ್ರಿ. ನಿನ್ನಷ್ಟಕ್ಕ ನೀನ ಸರಿ ಅಂದ್ಕೋಬ್ಯಾಡವ್ವಾ, ನಿಮ್ಮಪ್ಪಗೂ ಹಂಗ ಅನಿಸಿತ್ತು. ನಂಜುಂಡಣ್ಣಾರಂಥಾ ತಿಳದವರು ನೋಡಿ ಬ್ಯಾಡ ಅಂದ್ರು, ಬಿಟ್ಟೆ ಅಂತ. ಈಗ ಬರದದ್ದನ್ನ ಯಾರಿಗೂ ತೋರಸಂಗಿಲ್ರಿ. ಹರದ ಒಗೀತಾಳ.'

ಆ ಕ್ಷಣ ಹೇಳಬೇಕಿತ್ತು. 'ನನ್ನ ಬಸ್ ಬಂತು ಕಣೋ' ಅಂದೆ. ಬಂದಿರಲಿಲ್ಲ. ಎದ್ದು ರಸ್ತೆ ದಾಟಿ, ಸಿಕ್ಕ ಬಸ್ಸು ಹತ್ತಿದೆ.

ಒಬ್ಬನನ್ನು ಕೆಳಗೆ ತಳ್ಳಿದೆ ಎಂದುಕೊಂಡಿದ್ದೆ ಇಷ್ಟು ದಿನ. ಬಿದ್ದದ್ದು ಇಬ್ಬರು, ಅವನೂ ಅವನ ಮಗಳೂ. ಈ ಭಾನುವಾರ ಅತ್ತಿಬೆಲೆಗೆ ಹೋಗುತ್ತೇನೆ. ಈ ಬರಹವನ್ನು ಮಲ್ಲಪ್ಪನ ಕೈಗೆ ಕೊಡುವುದಿಲ್ಲ. ಅವನು ಅರ್ಧ ಓದಿ, 'ಹೋಗ್ಲಿ ಬಿಡ್ರಿ ಅಣ್ಣಾರ' ಎಂದುಬಿಡುತ್ತಾನೆ. ಅಷ್ಟು ಸಲೀಸಾದ ಕ್ಷಮೆ ನನಗೆ ಬೇಡ. ಮಗಳ ಕೈಗೆ ಕೊಡುತ್ತೇನೆ. ಗಟ್ಟಿಯಾಗಿ ಓದು ತಾಯಿ, ನಿಮ್ಮಪ್ಪನಿಗೂ ಕೇಳಿಸಲಿ ಎನ್ನುತ್ತೇನೆ. ಓದಿ ಮುಗಿಸಿ ಅವಳು ನನಗೆ ಏನು ಅಂದರೂ, ಬಸ್ಸಿನ ನೆಪ ಹೇಳದೆ, ಅಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ.