ಮೂರು ಸಲ ಕೂಗಿದ್ದೆ

ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಆಚೆಗೊಂದು ಈಚೆಗೊಂದು ಮರಳಿನ ಚೀಲ ಇಟ್ಟು, ಅಲ್ಲಾಡಿದರೆ ಕಣ್ಣು ಹೋದೀತು ಎಂದು ಹೆದರಿಸಿ ಹೋದರೆ ಮನುಷ್ಯ ಏನು ಮಾಡಬೇಕು?

ಮಾತಾಡಬೇಕು. ಇನ್ನೇನಿದೆ?

ಎರಡು ವಾರ ಈ ಅಂಕಣ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಉತ್ತರ ಇದು. ಹಿರಿಯೂರಿನ ಕಣ್ಣಿನ ಕ್ಯಾಂಪಿನಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆದರು. ಸ್ಕೂಲಿನ ಕ್ಲಾಸ್ ರೂಮೇ ವಾರ್ಡು. ಅಲ್ಲಿ ನಮಗೆ ಹೆಸರಿಲ್ಲ, ನಂಬರು. ನಾನು ಹದಿನೇಳು, ಪಕ್ಕದ ಮಂಚದವರು ಹದಿನೆಂಟು.

ಮಧ್ಯಾಹ್ನ ಊಟವಾದ ಮೇಲೆ ನರ್ಸಮ್ಮ ಬಂದು ಎಲ್ಲರಿಗೂ ನಿದ್ದೆ ಮಾಡಲು ಹೇಳಿದರು. ಹದಿನೆಂಟು ಒಪ್ಪಲಿಲ್ಲ.

"ನಾನು ಹಗಲು ಮಲಗಲ್ಲ ಕಣವ್ವಾ. ಕಣ್ಣು ನೀನೇ ಕಟ್ಟಿದೀಯಲ್ಲ, ನಿದ್ದೆ ಮಾಡಿದ್ನೋ ಇಲ್ಲೋ ನಿಂಗೆಂಗೆ ಗೊತ್ತಾಗ್ತೈತೆ?"

ವಾರ್ಡೆಲ್ಲ ನಕ್ಕಿತು. (ನಗಬಾರದು, ಹೊಲಿಗೆ ಬಿಚ್ಚುತ್ತದೆ. ಆದರೂ ನಕ್ಕೆವು.) "ಅದೇನು ಹಗಲು ನಿದ್ದೆಯ ಮೇಲೆ ಅಷ್ಟು ಸಿಟ್ಟು?" ಎಂದು ನಾನು ಕೇಳಿದೆ. ಕೇಳಬಾರದಿತ್ತು.

"ಒಂದು ನಿದ್ದೆ ನನ್ನ ಊರು ಬಿಡಿಸ್ತು ನೋಡ್ರಿ. ಈಗ ಇರೋದು ಹೊಸದುರ್ಗದ ಕಡೆ, ಮಾವನ ಮನೇಲಿ. ಹುಟ್ಟಿದೂರು ಆದಿವಾಲ."

ನನ್ನ ಊರೂ ಆದಿವಾಲವೇ. ಹಲ್ಲು ಬಿದ್ದ ಬಾಯಿಯ ದನಿ. ಆದರೂ ಆ ದನಿ ಯಾರದ್ದೆಂದು ಆಗ ಗುರುತು ಹತ್ತಿತು. ತಿಪ್ಪಣ್ಣ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು.

ಹಳೆಯ ಓದುಗರಿಗೆ ಗೊತ್ತಿದೆ, ಪೆನ್ನು ಹಿಡಿಯುವ ಮೊದಲು ನಾನು ನೀರುಗಂಟಿಯಾಗಿದ್ದೆ. ಕಾಲುವೆಯ ತೂಬು ತೆಗೆದು ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವ ಕೆಲಸ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾರ ಸರದಿ ಬಂತೋ ಅವರ ಹೆಸರನ್ನು ಏರಿಯ ಮೇಲೆ ನಿಂತು ಮೂರು ಸಲ ಕೂಗಬೇಕು. ಮೂರು ಕೂಗಿಗೂ ಬರದಿದ್ದರೆ ನೀರು ಮುಂದಿನವರಿಗೆ. ತಕರಾರಿಲ್ಲ.

ನಾನು ಹೈಸ್ಕೂಲು ಓದಿದವನು, ಮೈಮೇಲೆ ಖಾಕಿ ಕೋಟು. ಊರಲ್ಲಿ ದೊಡ್ಡವರೂ 'ಬರ್ರಿ, ಕುಂತ್ಕಳ್ರಿ' ಎನ್ನುತ್ತಿದ್ದರು. ಒಂದು ದಿನ ಹೊಸ ಎಂಜಿನಿಯರು ಕಾಲುವೆ ನೋಡಲು ಬಂದಿದ್ದರು. ಅವರ ಮುಂದೆ, ಹತ್ತಾರು ಜನರ ಮುಂದೆ, ತಿಪ್ಪಣ್ಣ ಗದ್ದೆಯಿಂದಲೇ ಕೂಗಿದ: "ಲೇ ರುದ್ರಾ! ಖಾಕಿ ಹಾಕ್ಕಂಡು ಗೊಂಬೆ ನಿಂತಂಗೆ ನಿಂತಿದೀಯಲ್ಲಲೇ, ನನ್ನ ಮಡೀಗೆ ನೀರು ಯಾವಾಗ ಬಿಡ್ತೀಯ?"

ಎಂಜಿನಿಯರು ನಕ್ಕರು. ಅಷ್ಟೇ ಆಗಿದ್ದು.

ಒಂದೇ ಬೆಂಚಿನವನು ಲೇ ಎನ್ನದೆ ಇನ್ನೇನು ಅಂದಾನು? ಅದು ನನಗೆ ಹೊಳೆಯಲಿಲ್ಲ. ಅವನ ಭತ್ತ ಹಾಲು ತುಂಬುವ ಹೊತ್ತು. ಕಾಲುವೆ ನಿಲ್ಲಿಸುವ ಮುಂಚಿನ ಕೊನೆಯ ಸರದಿ. ಬೆಳಗಿನ ಜಾವ ಏರಿಯ ಮೇಲೆ ನಿಂತು ಅವನ ಹೆಸರನ್ನು ಮೂರು ಸಲ ಕೂಗಿದೆ. ನನ್ನ ಕಿವಿಗೆ ಮಾತ್ರ ಕೇಳುವಂತೆ ಕೂಗಿದೆ. (ನಾಳೆ ಪ್ರಮಾಣ ಮಾಡಬೇಕಾಗಿ ಬಂದರೂ ಸುಳ್ಳಾಗಬಾರದಲ್ಲ!) ಆಮೇಲೆ ನೀರನ್ನು ಮುಂದಿನವರಿಗೆ ತಿರುಗಿಸಿ, ಊರಿಗೆ ಬಂದು ಹೇಳಿದೆ: "ಕೂಗಿದೆ, ಬರ್ಲಿಲ್ಲ. ಮಲಗಿದ್ನೇನೋ."

ಭತ್ತ ಜೊಳ್ಳಾಯಿತು. ನಿದ್ದೆಬುರುಕ ತಿಪ್ಪ ಎಂಬ ಹೆಸರು ನಿಂತಿತು. ಮಕ್ಕಳೂ ಹಾಗೇ ಕರೆಯತೊಡಗಿದ ಮೇಲೆ ಅವನು ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟು ಹೋದ.

ಪಕ್ಕದ ಮಂಚದಿಂದ ಅವನು ಹೇಳುತ್ತಿದ್ದ: "ನೀರುಗಂಟಿ ನಮ್ ರುದ್ರನೇ, ಪಾಪ, ಮೂರು ಸಲ ಕೂಗಿದ್ನಂತೆ. ನಾನು ಗದ್ದೆ ಗುಡಿಸ್ಲಲ್ಲಿ ಎದ್ದೇ ಕುಂತಿದ್ದೆ ಅಂತ ನೆನಪು. ಆದ್ರೆ ಊರೆಲ್ಲ ಮಲಗಿದ್ದೆ ಅಂದ್ಮೇಲೆ ಮಲಗೇ ಇರ್ಬೇಕು. ಅವತ್ತಿಂದ ನಿದ್ದೆ ಅಂದ್ರೇ ಭಯ, ಹಗಲಂತೂ ಕಣ್ಣು ಮುಚ್ಚಿಲ್ಲ. ಮಾವನ ಮನೇಲಿ ಎಲ್ರಿಗಿಂತ ಮುಂಚೆ ಏಳ್ತೀನಿ. ಎಲ್ರೂ ಬರ್ರಿ ಹೋಗ್ರಿ ಅಂತಾರೆ. ಲೇ ಅನ್ನೋರು ಒಬ್ರೂ ಇಲ್ಲ ನೋಡ್ರಿ ಅಲ್ಲಿ."

ಪಾಪ ಅಂದನಲ್ಲ, ಆ ಮಾತನ್ನು ಇಟ್ಟುಕೊಂಡು ಮಲಗುವುದು ಹೇಗೆ? ಆ ಕಡೆ ಹೊರಳುವಂತಿಲ್ಲ, ಮರಳಿನ ಚೀಲ. ಎದ್ದು ಹೋಗುವಂತಿಲ್ಲ, ಕಣ್ಣಿಗೆ ಪಟ್ಟಿ. ವರ್ಷಗಟ್ಟಲೆ ನಾನು ಭಜನೆಗೆ ಹೋಗಿದ್ದೇನೆ, ಉಪವಾಸ ಮಾಡಿದ್ದೇನೆ. ಇಷ್ಟು ಹೊತ್ತು ಒಂದೇ ಕಡೆ ನನ್ನ ಜೊತೆ ನಾನು ಎಂದೂ ಮಲಗಿರಲಿಲ್ಲ.

ಮಾರನೆಯ ಬೆಳಗ್ಗೆ ಹೇಳಿಬಿಟ್ಟೆ. "ತಿಪ್ಪಣ್ಣಾ, ನಾನು ರುದ್ರ. ಅವತ್ತು ನಾನು ಪಿಸುಗುಟ್ಟಿದ್ದು. ನಿನಗೆ ಕೇಳಬಾರದು ಅಂತಲೇ."

ಬೈಯುತ್ತಾನೆ ಎಂದುಕೊಂಡೆ. ಭತ್ತದ ಮಾತು ಬಂದೀತು ಎಂದುಕೊಂಡೆ.

"ಅಂದ್ರೆ... ನಾನು ಮಲಗಿರ್ಲಿಲ್ಲ?"

"ಇಲ್ಲ."

"ಎದ್ದೇ ಇದ್ದೆ ಹಂಗಾರೆ. ನನ್ ಹೆಂಡ್ತಿ ಸಾಯೋ ಗಂಟ ನಂಬ್ಲಿಲ್ರೀ. ನಾನೂ ನಂಬ್ಲಿಲ್ಲ."

'ರೀ' ಅಂದ. ನಾನು ಯಾರೆಂದು ತಿಳಿದ ಮೇಲೂ ಅಂದ. ಆಮೇಲಿನ ಐದು ದಿನವೂ ಹಾಗೇ. 'ಕಾಫಿ ಬಂತು, ಎದ್ದು ಕುಂತ್ಕಳ್ರಿ.' 'ನಿಮ್ ಲೋಟ ಕೆಳಗೆ ಬಿದ್ದ ಸದ್ದಾತು ನೋಡ್ರಿ.' ಯಾವ ಒಂದಕ್ಷರದ ಮರ್ಯಾದೆಗಾಗಿ ಒಬ್ಬನ ಗದ್ದೆ ಒಣಗಿಸಿದೆನೋ ಅದನ್ನು ಅವನು ಕೈತುಂಬ ಕೊಟ್ಟ. ಮಾತಿನಲ್ಲಿ ಸಿಟ್ಟಿರಲಿಲ್ಲ. ಬಾಗಿಲು ಮುಚ್ಚಿತ್ತು, ಅಷ್ಟೇ.

ಪಟ್ಟಿ ಬಿಚ್ಚಿದ ದಿನ ದಪ್ಪ ಕನ್ನಡಕದಲ್ಲಿ ನನ್ನನ್ನು ನೋಡಿದ. ಕ್ಷಮಿಸು ಎಂದು ಕೈ ಮುಗಿದೆ. ಅವನು ಕೈ ಹಿಡಿಯಲಿಲ್ಲ.

"ನಂಗೊಬ್ಬಂಗೆ ಹೇಳಿದ್ರೆ ಏನ್ ಬಂತು? ಅವತ್ತು ಊರಿಗೆಲ್ಲ ಹೇಳಿದ್ರಿ. ಪೇಪರ್‌ನಾಗೆ ಬರೀತೀರಂತಲ್ಲ, ಬರೀರಿ" ಎಂದು ಹೊಸದುರ್ಗದ ಬಸ್ಸು ಹತ್ತಿದ.

ಕಷ್ಟ ಮನುಷ್ಯನನ್ನು ಬೆಳೆಸುತ್ತದೆ, ಕುಗ್ಗಬೇಡಿ ಎಂದು ಈ ಜಾಗದಲ್ಲಿ ಎಷ್ಟು ಸಲ ಬರೆದಿಲ್ಲ? ಹೊಳಲ್ಕೆರೆಯ ಮೇಷ್ಟರೊಬ್ಬರು ಅದನ್ನು ಕ್ಲಾಸಿನಲ್ಲಿ ಓದಿಸಿದರಂತೆ. ಮಾತು ತಪ್ಪಲ್ಲ. ತಿಪ್ಪಣ್ಣ ಬೆಳೆದಿದ್ದಾನೆ. ತನ್ನನ್ನು ಕೆಡಿಸಿದವನಿಗೆ ಪಾಪ ಅನ್ನುವಷ್ಟು ಬೆಳೆದಿದ್ದಾನೆ. ಆದರೆ ಆ ಕಷ್ಟ ಕೊಟ್ಟವರು ಯಾರು ಎಂದು ನಾನು ಒಮ್ಮೆಯೂ ಬರೆಯಲಿಲ್ಲ. ಎಲ್ಲವನ್ನೂ ದೇವರ ತಲೆಗೆ ಕಟ್ಟಿದ್ದೆ. ದೇವರ ಪರೀಕ್ಷೆ ಎನ್ನುವ ಮೊದಲು ಪ್ರಶ್ನೆಪತ್ರಿಕೆ ಯಾರ ಕೈಬರಹದಲ್ಲಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಕೆಲವು ನನ್ನ ಕೈಬರಹದಲ್ಲಿವೆ. ನಿಮ್ಮದರಲ್ಲೂ ಇದ್ದಾವು.

ಇದು ಅಚ್ಚಾದ ಮೇಲೆ ಹೊಸದುರ್ಗಕ್ಕೆ ಹೋಗುತ್ತೇನೆ. ಲೇ ಅಂದರೆ ಪುಣ್ಯ. ಬರ್ರಿ ಅಂದರೂ ಅವನ ಜಗಲಿಯಲ್ಲಿ ಕೂರುತ್ತೇನೆ, ಮತ್ತೆ ಹೋಗುತ್ತೇನೆ.

ಈಗ ಏರಿಯ ಮೇಲೆ ನಿಂತಿದ್ದೇನೆ. ಆದಿವಾಲದವರೇ, ತಿಪ್ಪಣ್ಣ ಮಲಗಿರಲಿಲ್ಲ! ತಿಪ್ಪಣ್ಣ ಮಲಗಿರಲಿಲ್ಲ! ತಿಪ್ಪಣ್ಣ ಮಲಗಿರಲಿಲ್ಲ!

ಈ ಸಲ ಕೇಳಿಸಿತು ತಾನೇ?