ಹಿಡೀತಾ?

ಕಳಸದಲ್ಲಿ ಜೀಪು ರಿಪೇರಿ ಮಾಡುವ ಸಫ್ದರ್ ಸಾಹೇಬರು ಹಳೆಯ ಟ್ಯೂಬಿನ ರಬ್ಬರನ್ನು ಪುಟ್ಟ ಬಟ್ಟಲಿನಂತೆ ಮಾಡಿ, ಬಾಯಿಯ ಹಬೆ ಊದಿ, ಕಂಡ ನುಣುಪಿಗೆಲ್ಲ ಒತ್ತಿ, ಅಂಟುತ್ತದೆಯೇ ಎಂದು ನೋಡುವವರು. ಜೀಪಿನ ಗಾಜನ್ನೂ ಬಿಟ್ಟವರಲ್ಲ, ಹೋಟೆಲಿನ ಟೈಲ್ಸನ್ನೂ ಬಿಟ್ಟವರಲ್ಲ. ಅವರಿಗೆ ಹೆದರಿ ಬೋಳುತಲೆಯ ಡ್ರೈವರ್ ಚನ್ನಕೇಶವ ಟೋಪಿ ತೆಗೆಯುವುದೇ ಇಲ್ಲ. "ಮಳೆ ಹಿಡೀತು ಸಾಹೇಬ್ರೇ, ನಿಮ್ಮ ಬಟ್ಟಲು ಹಿಡೀಲಿಲ್ಲ," ಎಂದು ಅವನು ಕೆಣಕಿದರೆ, "ಥಂಡಿಗೆ ಬಿಟ್ಕೊಳ್ತದೆ ಮಾರಾಯ, ನಾಳೆ ನೋಡು," ಎನ್ನುತ್ತಾರೆ. ಮೂರು ಮಳೆಗಾಲ ಕಳೆದರೂ ಆ ನಾಳೆ ಬಂದಿಲ್ಲ. ಇದೆಲ್ಲ ಜೀಪಿನಲ್ಲಿ ಮೊಬೈಲು ನಿಲ್ಲಿಸುವುದಕ್ಕೆಂದೇ ಊರವರು ತಿಳಿದಿದ್ದಾರೆ. ಆದರೆ ಪಾರ್ಶ್ವವಾಯು ಬಡಿದು ಸಫ್ದರ್ ಸಾಹೇಬರ ಹೆಂಡತಿ ಖುರ್ಷೀದಾ ಅವರ ಬಲಗೈ ಬಿದ್ದುಹೋಗಿದೆ. ಎಡಗೈಯೊಂದರಲ್ಲೇ ರೊಟ್ಟಿಯ ಹಿಟ್ಟು ನಾದಹೋದರೆ ಪಾತ್ರೆ ಅಡುಗೆಕಟ್ಟೆಯ ನುಣುಪು ಕಲ್ಲಿನ ಮೇಲೆ ಜಾರಿ ಓಡುತ್ತದೆ. ಯಾರೂ ಹಿಡಿದುಕೊಳ್ಳದೆ ಒಮ್ಮೆ ತಾನೇ ನಾದಬೇಕೆಂಬುದೊಂದೇ ಆಕೆಯ ಆಸೆ. ಪ್ರತಿ ಸಂಜೆ ಸಫ್ದರ್ ಹೊಸ ಬಟ್ಟಲೊಂದನ್ನು ಪಾತ್ರೆಯ ತಳಕ್ಕೆ ಅಂಟಿಸಿ, ಕಲ್ಲಿನ ಮೇಲಿಟ್ಟು ಒತ್ತುತ್ತಾರೆ. "ಹಿಡೀತಾ?" ಎಂದು ಖುರ್ಷೀದಾ ಕೇಳುತ್ತಾರೆ. "ಹಿಡೀತು." "ಹಾಗಾದ್ರೆ ಕೈ ತೆಗೀರಿ." ಸಫ್ದರ್ ಮಾತ್ರ ಎರಡೂ ಕೈಯಿಂದ ಪಾತ್ರೆಯನ್ನು ಒತ್ತಿ ಹಿಡಿದುಕೊಂಡೇ ನಿಂತಿರುತ್ತಾರೆ.